ಗಾಡಿ ಎಣಿಸಿದರೆ ಸಾಲದು, ಗೇಟಿನ ಅಪಾಯ ಅಳೆಯಿರಿ

ರೈಲ್ವೆ ಮಂಡಳಿಯ ಅಧ್ಯಕ್ಷರಿಗೆ, ರಾಜ್ಯದ ಲೋಕೋಪಯೋಗಿ ಇಲಾಖೆಗೆ, ಎಲ್ಲ ಜಿಲ್ಲಾಧಿಕಾರಿಗಳಿಗೆ, ಜೊತೆಗೆ ದಿನಾ ರೈಲ್ವೆ ಗೇಟ್ ದಾಟಿ ಓಡಾಡುವ ನಮ್ಮ ಜನಕ್ಕೆ

ಮಾನ್ಯರೇ,

ಒಂದು ರೈಲ್ವೆ ಗೇಟ್ ಎಷ್ಟು ಅಪಾಯದ್ದು ಅಂತ ಹೇಗೆ ತೀರ್ಮಾನ ಮಾಡುತ್ತೀರಿ? ನಿಮ್ಮ ಕೈಯಲ್ಲಿ ಅದಕ್ಕೊಂದು ಲೆಕ್ಕ ಇದೆ. ಅದರ ಹೆಸರು ಟಿವಿಯು, ಅಂದರೆ ಟ್ರೈನ್ ವೆಹಿಕಲ್ ಯೂನಿಟ್. 24 ಗಂಟೆಯಲ್ಲಿ ಎಷ್ಟು ರೈಲು ಹೋದವು, ಎಷ್ಟು ಗಾಡಿ ಹಳಿ ದಾಟಿದವು ಎಂದು ಎಣಿಸಿ ಎರಡನ್ನೂ ಗುಣಿಸುವುದು. ಗೇಟನ್ನು ಸಿಗ್ನಲ್ ಜೊತೆ ಇಂಟರ್‌ಲಾಕ್ ಮಾಡಬೇಕಾ (ಅಂದರೆ ಗೇಟ್ ಮುಚ್ಚದೆ ರೈಲಿಗೆ ಸಿಗ್ನಲ್ ಸಿಗದ ಹಾಗೆ ಜೋಡಿಸಬೇಕಾ), ಅಲ್ಲಿ ಮೇಲ್ಸೇತುವೆ ಕಟ್ಟಲು ರಾಜ್ಯ ಮತ್ತು ರೈಲ್ವೆ ಅರ್ಧರ್ಧ ದುಡ್ಡು ಹಾಕಬೇಕಾ ಎನ್ನುವ ಪ್ರಶ್ನೆಗಳೆಲ್ಲ ಬಹುಮಟ್ಟಿಗೆ ಈ ಒಂದು ಸಂಖ್ಯೆಯ ಮೇಲೆ ನಿಂತಿವೆ. ಸಂಖ್ಯೆ ಒಂದು ಲಕ್ಷ ಮುಟ್ಟಿದರೆ ಸೇತುವೆಯ ಮಾತು ಶುರುವಾಗುತ್ತದೆ. ಮುಟ್ಟದಿದ್ದರೆ ಮುಂದಿನ ಗಣತಿ ತನಕ ಕಾಯಬೇಕು.

ಈ ಲೆಕ್ಕದಲ್ಲಿ ಬಸ್ಸು, ಲಾರಿ, ಕಾರು, ಎತ್ತಿನ ಗಾಡಿ ಒಂದೊಂದು ಯೂನಿಟ್. ಆಟೋ ಅರ್ಧ ಯೂನಿಟ್. ಬೈಕು, ಸ್ಕೂಟರ್ ಕಾಲು ಯೂನಿಟ್. ನಡೆದು ಹೋಗುವವರಿಗೆ ಇದರಲ್ಲಿ ಜಾಗವೇ ಇಲ್ಲ. ಅಂದರೆ ಐವತ್ತು ಮಕ್ಕಳು ತುಂಬಿದ ಸ್ಕೂಲ್ ಬಸ್ಸೂ ಒಂದು, ಒಬ್ಬರೇ ಕೂತ ಕಾರೂ ಒಂದು. ಟ್ಯಾಂಕ್ ಮೇಲೊಂದು ಮಗು, ಅಪ್ಪ ಅಮ್ಮನ ನಡುವೆ ಇನ್ನೊಂದು ಮಗು ಕೂತ ಬೈಕು ಕಾಲು. ಹೆಗಲಿಗೆ ಚೀಲ ಹಾಕಿಕೊಂಡು ಹಳಿ ದಾಟಿ ಶಾಲೆಗೆ ನಡೆದು ಬರುವ ಹುಡುಗ ಹುಡುಗಿಯರು ಸೊನ್ನೆ.

ದುಡ್ಡನ್ನು ಎಲ್ಲಿ ಮೊದಲು ಹಾಕಬೇಕು ಎಂದು ನೋಡುವುದಕ್ಕೆ ಈ ಲೆಕ್ಕ ಬೇಕು, ಒಪ್ಪುತ್ತೇನೆ. ಗೇಟಿನಲ್ಲಿ ಎಷ್ಟು ದಟ್ಟಣೆ ಇದೆ ಎಂದು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ದಟ್ಟಣೆ ಜಾಸ್ತಿ ಇರುವ ಕಡೆಯೇ ಅಪಾಯವೂ ಜಾಸ್ತಿ ಇರುತ್ತದೆ ಅಂತೇನೂ ಇಲ್ಲ. ತಿರುವಿನಲ್ಲಿರುವ ಗೇಟು, ಶಾಲೆ ಪಕ್ಕದ ಗೇಟು, ದಾಟಿದ ಕೂಡಲೇ ಹೆದ್ದಾರಿ ಸಿಗುವ ಗೇಟು ಇವಕ್ಕೆಲ್ಲ ಬೇರೆ ಬೇರೆ ಅಪಾಯಗಳಿವೆ. ಟಿವಿಯು ಕಣ್ಣಿಗೆ ಅವು ಬೀಳುವುದೇ ಇಲ್ಲ. ಪ್ರತಿಯೊಂದು ಗೇಟಿನ ಅಪಾಯವನ್ನೂ ಸ್ಥಳಕ್ಕೆ ಬಂದು, ಅಲ್ಲಿ ದಾಟುವ ಜನರನ್ನು ಕೇಳಿ ಅಳೆಯಿರಿ. ಅಳೆದದ್ದನ್ನು ನಮಗೆಲ್ಲ ಕಾಣುವ ಹಾಗೆ ಬಹಿರಂಗ ಮಾಡಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಾನು ರೈಲ್ವೆ ನೌಕರನೂ ಅಲ್ಲ, ಎಂಜಿನಿಯರೂ ಅಲ್ಲ. ಹಳಿಯ ಆಚೆ ಮನೆ, ಈಚೆ ಮಕ್ಕಳ ಹೈಸ್ಕೂಲು ಇರುವ ಊರಿನವನು. ನಮ್ಮ ಗೇಟ್ ಯಾವುದು ಅಂತ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಒಬ್ಬ ಗೇಟ್‌ಮ್ಯಾನ್ ಮೇಲೆ, ಒಂದು ಕಚೇರಿಯ ಮೇಲೆ ದೂರು ಕೊಟ್ಟ ಹಾಗಾಗುತ್ತದೆ. ಮಾತು ಇರುವುದು ಸಾವಿರಾರು ಗೇಟುಗಳ ಬಗ್ಗೆ.

ಮೊದಲು ಒಂದು ಒಳ್ಳೆಯ ಕೆಲಸವನ್ನು ನೆನೆಯಬೇಕು. 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ (ಅಗಲ ಹಳಿಯ) ಮಾರ್ಗಗಳಲ್ಲಿ ಕಾವಲಿಲ್ಲದ ಗೇಟ್ ಒಂದೂ ಉಳಿಯದ ಹಾಗೆ ಮಾಡಿದಿರಿ. ಅದು ಸಣ್ಣ ಕೆಲಸ ಅಲ್ಲ. 2014ರ ಜುಲೈ 24ರಂದು ತೆಲಂಗಾಣದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಸ್ಕೂಲ್ ಬಸ್ಸಿಗೆ ರೈಲು ಬಡಿದು ಹದಿನಾಲ್ಕಕ್ಕೂ ಹೆಚ್ಚು ಮಕ್ಕಳು ಹೋದರು. ಅಲ್ಲಿ ಗೇಟೂ ಇರಲಿಲ್ಲ, ಕಾಯುವವರೂ ಇರಲಿಲ್ಲ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ವ್ಯಾನಿನಲ್ಲಿದ್ದ 13 ಮಕ್ಕಳು ಹೀಗೇ ಹೋದರು. ಅಂಥ ಗೇಟುಗಳು ಈಗ ಇಲ್ಲ. ಕೆಲವನ್ನು ಮುಚ್ಚಿದಿರಿ, ಕೆಲವು ಕಡೆ ಕೆಳಸೇತುವೆ ಕಟ್ಟಿದಿರಿ, ಉಳಿದ ಕಡೆ ಕಾವಲಿಗೆ ಜನ ಹಾಕಿದಿರಿ. ಎಷ್ಟೋ ಮನೆಗಳ ಮಕ್ಕಳು ಇದರಿಂದ ಉಳಿದಿದ್ದಾರೆ.

ಆದರೆ ಕಾವಲಿಗೆ ಜನ ಹಾಕಿದರೆ ಅಪಾಯ ಮುಗಿಯುವುದಿಲ್ಲ. ಹಳಿ ಮೇಲಿದ್ದ ಅಪಾಯ ಒಬ್ಬ ಮನುಷ್ಯನ ತಲೆ ಮೇಲೆ ಬರುತ್ತದೆ, ಅಷ್ಟೇ. ದೇಶದಲ್ಲಿ ಈಗ ಸುಮಾರು 17 ಸಾವಿರ ಕಾವಲಿರುವ ಗೇಟುಗಳಿವೆ. ಅದರಲ್ಲಿ ಇಂಟರ್‌ಲಾಕ್ ಆಗಿರುವುದು 11 ಸಾವಿರ ಚಿಲ್ಲರೆ. ಇಂಟರ್‌ಲಾಕ್ ಆದ ಗೇಟಿನಲ್ಲಿ, ಗೇಟ್ ಮುಚ್ಚಿ ಬೀಗ ಬೀಳುವ ತನಕ ರೈಲಿಗೆ ಹಸಿರು ಸಿಗ್ನಲ್ ಬರುವುದಿಲ್ಲ. ಗೇಟ್‌ಮ್ಯಾನ್ ಮರೆತರೂ ರೈಲು ಹೊರಗೇ ನಿಲ್ಲುತ್ತದೆ. ಇಂಟರ್‌ಲಾಕ್ ಆಗದ ಗೇಟಿನ ಕತೆ ಬೇರೆ. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಗೇಟ್ ಹಾಕಲು ಹೇಳುತ್ತಾರೆ. ಗೇಟ್‌ಮ್ಯಾನ್ ಹಾಕಿದೆ ಎಂದು ಹೇಳಿ ಒಂದು ಪ್ರೈವೇಟ್ ನಂಬರ್, ಅಂದರೆ ಖಾತ್ರಿಗೆ ಹೇಳುವ ಗುಟ್ಟಿನ ಸಂಖ್ಯೆ, ಕೊಡುತ್ತಾರೆ. ಆ ನಂಬರನ್ನು ನಂಬಿ ರೈಲು ಬಿಡುತ್ತಾರೆ. ಗೇಟ್ ನಿಜವಾಗಿ ಬಿದ್ದಿದೆಯಾ ಎಂದು ನೋಡುವ ಯಂತ್ರ ನಡುವೆ ಯಾವುದೂ ಇಲ್ಲ. ಅಲ್ಲಿರುವುದು ಎರಡು ದನಿ, ಒಂದು ರಿಜಿಸ್ಟರ್.

ರೈಲಿನ ಕಡೆಯಿಂದಲೂ ನೋಡೋಣ. ಗೇಟಿಗೆ 600 ಮೀಟರ್ ಮೊದಲು ಹಳಿ ಪಕ್ಕ ಹಾರ್ನ್ ಮಾಡಿ ಎನ್ನುವ ಹಳದಿ ಬೋರ್ಡ್ ಇರುತ್ತದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬರುವ ರೈಲಿಗೆ ಆ 600 ಮೀಟರ್ ಬರೀ 20 ಸೆಕೆಂಡಿನ ದಾರಿ. ಗೇಟ್ ತೆರೆದಿರುವುದು, ಹಳಿ ಮೇಲೆ ವ್ಯಾನ್ ನಿಂತಿರುವುದು ಲೋಕೋ ಪೈಲಟ್‌ಗೆ ಕಾಣಿಸಿ ಬ್ರೇಕ್ ಹಾಕಿದರೂ ಅಷ್ಟರೊಳಗೆ ರೈಲು ನಿಲ್ಲುವುದಿಲ್ಲ. ಅವರು ಏನೂ ಮಾಡಲಾಗದೆ ಕೂತು ನೋಡಬೇಕು. ಅವರ ಸಂಕಟವನ್ನೂ ನಾವು ಯೋಚಿಸುವುದು ಕಡಿಮೆ.

2025ರ ಜುಲೈ 8ರ ಬೆಳಿಗ್ಗೆ ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಕುಪ್ಪಂ ಗೇಟಿನಲ್ಲಿ ಆದದ್ದು ಇದೇ. ಶಾಲಾ ವ್ಯಾನಿಗೆ ಪ್ಯಾಸೆಂಜರ್ ರೈಲು ಬಡಿಯಿತು. ಮೂರು ಮಕ್ಕಳು ಹೋದರು. ಅಲ್ಲಿ ಗೇಟೂ ಇತ್ತು, ಗೇಟ್‌ಮ್ಯಾನೂ ಇದ್ದರು, ಇಂಟರ್‌ಲಾಕ್ ಇರಲಿಲ್ಲ. ಗೇಟ್‌ಮ್ಯಾನ್ ಅಮಾನತಾದರು, ಬಂಧನವೂ ಆಯಿತು. ಅಲ್ಲೊಂದು ಕೆಳಸೇತುವೆ ಮಂಜೂರಾಗಿತ್ತು, ಜಿಲ್ಲಾಡಳಿತದ ಅನುಮತಿ ಒಂದು ವರ್ಷದಿಂದ ಸಿಕ್ಕಿರಲಿಲ್ಲ ಎಂದು ರೈಲ್ವೆ ಹೇಳಿಕೆ ಕೊಟ್ಟಿತು. ಯಾರದು ಎಷ್ಟು ತಪ್ಪು ಎಂಬುದನ್ನು ತನಿಖೆ ನೋಡಿಕೊಳ್ಳಲಿ. ನನ್ನನ್ನು ಕಾಡುವುದು ಇಷ್ಟೇ. ಆ ಗೇಟ್ ಅಪಾಯದ್ದು ಅಂತ ಎಲ್ಲೋ ಒಂದು ಫೈಲಿಗೆ ಗೊತ್ತಿತ್ತು. ಆ ವ್ಯಾನಿಗೆ ಮಕ್ಕಳನ್ನು ಹತ್ತಿಸಿ ಕಳಿಸಿದ ತಾಯಂದಿರಿಗೆ ಗೊತ್ತಿರಲಿಲ್ಲ.

ಆ ದುರಂತದ ಮೇಲೆ ರೈಲ್ವೆ ಸಚಿವರು ಕೆಲವು ಆದೇಶ ಕೊಟ್ಟರು. ಎಲ್ಲ ಗೇಟಿಗೂ ಸಿಸಿಟಿವಿ, ಫೋನ್ ಮಾತಿನ ರೆಕಾರ್ಡಿಂಗ್ ತಪಾಸಣೆ, ಜೊತೆಗೆ ಇಂಟರ್‌ಲಾಕ್ ಮಾಡುವ ಮಿತಿ 20,000 ಟಿವಿಯುನಿಂದ 10,000ಕ್ಕೆ ಇಳಿಕೆ. ಒಳ್ಳೆಯ ನಿರ್ಧಾರ, ಮನಸಾರೆ ಸ್ವಾಗತ. ಆದರೆ ಇಲ್ಲೂ ಅಳತೆಗೋಲು ಅದೇ ಟಿವಿಯು. 9,000 ಬಂದ ಗೇಟು ಹಾಗಾದರೆ ಸುರಕ್ಷಿತವಾ? ಅದರ ಪಕ್ಕ ಶಾಲೆ ಇದ್ದರೆ? ಮಂಜು ಬೀಳುವ ಜಾಗವಾದರೆ? ಹಳಿ ತಿರುವಿನಲ್ಲಿದ್ದು, ಬದಿಗೆ ಜಾಲಿ ಪೊದೆ ಬೆಳೆದು ರೈಲು ಕಾಣದಿದ್ದರೆ?

ಶಾಲೆ ಬಿಡುವ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ಅರ್ಧ ಗಂಟೆ ನಿಂತರೆ ಇದೆಲ್ಲ ಕಾಣುತ್ತದೆ. ಬೆಲ್ ಹೊಡೆದುಕೊಳ್ಳಲು ಶುರುವಾದ ಕೂಡಲೇ ಬೈಕುಗಳ ವೇಗ ಹೆಚ್ಚುತ್ತದೆ. ನಿಲ್ಲಿ ಎನ್ನುವ ಬೆಲ್ಲನ್ನು ಬೇಗ ದಾಟಿ ಎಂದು ಕೇಳಿಸಿಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಗೇಟ್‌ಮ್ಯಾನ್ ಒಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಾ ಇನ್ನೊಂದು ಕೈ ಅಡ್ಡ ಹಿಡಿದು ಕೂಗುತ್ತಾರೆ. ಕಂಬ ಅರ್ಧ ಇಳಿದಿರುತ್ತದೆ. ಅದರ ಕೆಳಗೆ ತಲೆ ಬಗ್ಗಿಸಿ ಇನ್ನೂ ಎರಡು ಬೈಕು ನುಗ್ಗುತ್ತವೆ. ಆಮೇಲೆ ಶಾಲೆ ಮಕ್ಕಳು. ದೊಡ್ಡವರು ಬಗ್ಗುವ ಕಂಬದ ಕೆಳಗೆ ಆರನೇ ಕ್ಲಾಸಿನ ಹುಡುಗಿ ಬಗ್ಗುವ ಅಗತ್ಯವೇ ಇಲ್ಲ, ನೆಟ್ಟಗೆ ನಡೆದೇ ಹೋಗುತ್ತಾಳೆ. ಸೈಕಲ್ ಇರುವವರು ಅದನ್ನು ಓರೆ ಮಾಡಿ ಎಳೆಯುತ್ತಾರೆ. ಪೆಡಲ್ ಹಳಿಗೆ ಸಿಕ್ಕಿಕೊಂಡರೆ ಬಗ್ಗಿ ಬಿಡಿಸಿಕೊಳ್ಳುತ್ತಾರೆ, ಬೆನ್ನು ರೈಲು ಬರುವ ದಿಕ್ಕಿಗಿರುತ್ತದೆ.

ರೈಲು ಹೋಗುತ್ತದೆ. ಕಂಬ ಏಳುವುದಿಲ್ಲ. ಎರಡೂ ಕಡೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಹಾರ್ನ್ ಶುರುವಾಗುತ್ತದೆ, ಗೇಟ್‌ಮ್ಯಾನ್‌ಗೆ ಬೈಗುಳ ಬೀಳುತ್ತದೆ. ಕೆಲವರು ನುಸುಳಿಯೇ ಬಿಡುತ್ತಾರೆ. ಹೋಗಬೇಕಾದ ರೈಲು ಹೋಯಿತಲ್ಲ ಅಂತ. ಆದರೆ ಕಂಬ ಏಳದಿರುವುದಕ್ಕೆ ಕಾರಣ ಇನ್ನೊಂದು ಹಳಿಯಲ್ಲಿ ಎದುರಿನಿಂದ ಬರುತ್ತಿರುವ ರೈಲು.

ಈ ಎರಡನೇ ರೈಲಿನ ಅಪಾಯ ನಮ್ಮ ರಾಜ್ಯಕ್ಕೆ ಹೊಸದು. ದಶಕಗಳ ಕಾಲ ನಮ್ಮ ಬಹಳ ಊರುಗಳಲ್ಲಿ ಒಂದೇ ಹಳಿ. ಒಂದು ರೈಲು ಹೋದರೆ ಮುಗಿಯಿತು, ಇನ್ನೊಂದು ಬರಲು ಹೊತ್ತು ಬೇಕಿತ್ತು. ಜನರ ಕಾಲು ಆ ಲೆಕ್ಕಕ್ಕೆ ಒಗ್ಗಿದೆ. ಈಗ ಬೆಂಗಳೂರು–ಮೈಸೂರು ಜೋಡಿ ಹಳಿ, ಬೆಂಗಳೂರು–ಹುಬ್ಬಳ್ಳಿ ಜೋಡಿ ಹಳಿ, ಎರಡೂ ವಿದ್ಯುದೀಕರಣವಾಗಿವೆ. ಡೀಸೆಲ್ ಇಂಜಿನ್ನಿನ ಗುಡುಗು ದೂರದಿಂದಲೇ ಕೇಳುತ್ತಿತ್ತು. ಎಲೆಕ್ಟ್ರಿಕ್ ರೈಲು ಹತ್ತಿರ ಬರುವ ತನಕ ಅಷ್ಟು ಸದ್ದು ಮಾಡುವುದಿಲ್ಲ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ನಡುವೆ ವಂದೇ ಭಾರತ್ ಕೂಡ ಓಡುತ್ತಿದೆ. ಹಳಿ ಎರಡಾಯಿತು, ವೇಗ ಹೆಚ್ಚಿತು, ಸದ್ದು ಕಡಿಮೆಯಾಯಿತು. ಇವೆಲ್ಲ ಬೇಕಾಗಿದ್ದೇ. ಆದರೆ ಇಷ್ಟೆಲ್ಲ ಬದಲಾದಾಗ ದಾರಿಯಲ್ಲಿ ಉಳಿದಿರುವ ಒಂದೊಂದು ಗೇಟಿನ ಹತ್ತಿರವೂ ಹೋಗಿ, ಇಲ್ಲಿ ದಾಟುವವರಿಗೆ ಏನು ಬದಲಾಯಿತು ಎಂದು ಕೇಳಬೇಕು. ರೈಲು ಎಷ್ಟಾದವು ಎಂದು ಟಿವಿಯು ಹೇಳುತ್ತದೆ. ಅವು ಒಂದರ ಬೆನ್ನಿಗೊಂದು ಬರುತ್ತವೆ ಎಂದು ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಅಪಾಯಕ್ಕೆ 2005ರ ಡಿಸೆಂಬರ್ 3ರಂದು ಇಬ್ಬರು ಹುಡುಗಿಯರು ಬಲಿಯಾದರು. ಜಾಗ ಎಸೆಕ್ಸ್ ಪ್ರಾಂತದ ಎಲ್ಸೆನ್‌ಹ್ಯಾಮ್ ಸ್ಟೇಷನ್. ವಯಸ್ಸು 14 ಮತ್ತು 13. ಅವರು ಹತ್ತಬೇಕಿದ್ದ ರೈಲು ಆಚೆ ಪ್ಲಾಟ್‌ಫಾರ್ಮಿಗೆ ಬಂದಿತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಅದು ತಮ್ಮ ರೈಲಿಗೆ ಅಂದುಕೊಂಡಿರಬೇಕು, ಪಾದಚಾರಿಗಳ ಪುಟ್ಟ ಗೇಟ್ ತಳ್ಳಿಕೊಂಡು ದಾಟಲು ಹೋದರು. ಇನ್ನೊಂದು ಹಳಿಯಲ್ಲಿ ಬರುತ್ತಿದ್ದ ರೈಲು ಬಡಿಯಿತು.

ಈ ಪತ್ರಕ್ಕೆ ಅದರ ಮುಂದಿನ ಕತೆ ಮುಖ್ಯ. ಆ ಜಾಗದ ಅಪಾಯವನ್ನು ಮೊದಲೇ ಅಂದಾಜು ಮಾಡಿದ ಕಾಗದಗಳು ಇದ್ದವು. ದುರಂತ ಆಗುವ ಸಾಧ್ಯತೆಯನ್ನು ಅವು ಎಚ್ಚರಿಸಿದ್ದವು. ಸಾವಿನ ವಿಚಾರಣೆಯ ಮುಂದೆ ಅವು ಬರಲೇ ಇಲ್ಲ. ವರ್ಷಗಳ ಮೇಲೆ ಹೊರಬಂದವು. ಕೊನೆಗೆ 2012ರಲ್ಲಿ ಅಲ್ಲಿನ ರೈಲ್ವೆ ಜಾಲ ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆಗೆ ಕೋರ್ಟು 10 ಲಕ್ಷ ಪೌಂಡ್ ದಂಡ ಹಾಕಿತು. ಅಪಾಯ ಅಳೆದು ಬೀರುವಿನಲ್ಲಿ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಅದೇ ದೇಶದಲ್ಲಿ ಇರುವ ಸುಮಾರು 6 ಸಾವಿರ ಗೇಟುಗಳಿಗೆ ಅಪಾಯದ ಅಂಕ ಕೊಡುತ್ತಾರೆ. ಎ ಇಂದ ಎಂ ತನಕ ಒಂದು ಅಕ್ಷರ, ಅದು ದಿನಾ ದಾಟುವ ಒಬ್ಬ ಮನುಷ್ಯನಿಗಿರುವ ಅಪಾಯ. 1ರಿಂದ 13ರ ತನಕ ಒಂದು ಅಂಕಿ, ಅದು ಆ ಗೇಟಿನ ಒಟ್ಟು ಅಪಾಯ. ಹಳ್ಳಿ ಮೂಲೆಯಲ್ಲಿ ಹತ್ತೇ ಜನ ದಾಟುವ ಗೇಟಿಗೂ ಅಕ್ಷರ ಎ ಬರಬಹುದು. ಏಕೆಂದರೆ ಆ ಹತ್ತು ಜನರಲ್ಲಿ ಒಬ್ಬೊಬ್ಬರಿಗೂ ಅಪಾಯ ದೊಡ್ಡದು. ಒಟ್ಟು ಗಾಡಿಗಳ ಲೆಕ್ಕದಲ್ಲಿ ಮುಳುಗಿಹೋಗುವ ಸಣ್ಣ ಊರು ಇಲ್ಲಿ ಕಣ್ಣಿಗೆ ಬೀಳುತ್ತದೆ. ಈ ಅಂಕಗಳನ್ನು ಯಾರು ಬೇಕಾದರೂ ನೋಡಬಹುದು, ಸಂಸ್ಥೆಯೇ ಪ್ರಕಟಿಸುತ್ತದೆ. ನಾನು ಕೇಳುತ್ತಿರುವುದು ಇಂಥದ್ದನ್ನೇ. ಅವರ ಲೆಕ್ಕವನ್ನೇ ತಂದು ಹಾಕಿ ಅನ್ನುತ್ತಿಲ್ಲ. ನಮ್ಮ ರಸ್ತೆ, ನಮ್ಮ ಜನ, ನಮ್ಮ ಗಾಡಿಗಳೇ ಬೇರೆ. ಹಾಗಾಗಿ ಪಟ್ಟಿಯನ್ನೂ ನಾವೇ ಮಾಡಬೇಕು.

ಆ ಪಟ್ಟಿಯಲ್ಲಿ ಕಬ್ಬು ಇರಲೇಬೇಕು. ರಾಯಬಾಗ, ಕುಡಚಿ, ಉಗಾರ ಕಡೆ, ಮಂಡ್ಯ, ಮದ್ದೂರು ಕಡೆ ಕಟಾವು ಶುರುವಾದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿಕೊಂಡು, ಬದಿಗೆಲ್ಲ ಕಬ್ಬು ಚಾಚಿಕೊಂಡು ಹಗಲೂ ರಾತ್ರಿ ಓಡಾಡುತ್ತವೆ. ಬೇಸಿಗೆಯಲ್ಲಿ ಗಾಡಿ ಎಣಿಸಿ ಹೋದವರಿಗೆ ಇವು ಸಿಗುವುದಿಲ್ಲ. ಸಿಕ್ಕರೂ ಲೆಕ್ಕದಲ್ಲಿ ಅದೂ ಬೇರೆ ಗಾಡಿಗಳ ಸಾಲಿನಲ್ಲೇ ನಿಲ್ಲುತ್ತದೆ. ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. ತುಂಬಿದ ಎರಡು ಟ್ರೈಲರ್ ದಾಟಲು ಎಷ್ಟು ಹೊತ್ತು ಬೇಕು ಎಂದು ಯಾವ ಗೇಟ್‌ಮ್ಯಾನನ್ನಾದರೂ ಕೇಳಿ. ಮುಂದಿನ ಚಕ್ರ ಹಳಿ ದಾಟಿ ಏರು ಹತ್ತುವಾಗ ಹಿಂದಿನ ಟ್ರೈಲರ್ ಇನ್ನೂ ಹಳಿ ಮೇಲೇ ಇರುತ್ತದೆ. ಅಲ್ಲಿ ಇಂಜಿನ್ ಆಫ್ ಆದರೆ, ಹುಕ್ಕು ಕಳಚಿದರೆ?

ಆ ಏರು ಯಾಕೆ ಬಂತು ಎನ್ನುವುದೂ ಗೊತ್ತಾಗಬೇಕು. ಹಳಿಯ ದುರಸ್ತಿ ಮಾಡುವಾಗ ಜಲ್ಲಿ ತುಂಬಿ ಹಳಿಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾರೆ. ರೈಲಿಗೆ ಅದು ಬೇಕು. ಆದರೆ ಎರಡೂ ಬದಿಯ ರಸ್ತೆಯನ್ನು ಅದಕ್ಕೆ ಸರಿಯಾಗಿ ಎತ್ತುವವರು ಇಲ್ಲ. ವರ್ಷ ಕಳೆದ ಹಾಗೆ ಗೇಟು ಒಂದು ದಿಬ್ಬ ಆಗುತ್ತದೆ. ಕೆಳಮಟ್ಟದ ಟ್ರೈಲರ್ ಹೊಟ್ಟೆ ತಗುಲುತ್ತದೆ. ಆಟೋ ಅರ್ಧ ಹತ್ತಿ ನಿಲ್ಲುತ್ತದೆ. ಮಳೆ ಬಂದರೆ ಹಳಿ ಪಕ್ಕದ ಸಂದಿಯಲ್ಲಿ ಸ್ಕೂಟರ್ ಚಕ್ರ ಜಾರುತ್ತದೆ. ಹಳಿಯ ಹತ್ತಿರದ ಭಾಗ ರೈಲ್ವೆಯದು, ಆಚೆಯ ರಸ್ತೆ ಪಂಚಾಯಿತಿಯದೋ ಲೋಕೋಪಯೋಗಿ ಇಲಾಖೆಯದೋ. ಹಂಪು, ಎಚ್ಚರಿಕೆ ಫಲಕ, ಬೀದಿದೀಪದ ವಿಷಯ ಬಂದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಈ ನಡುವಿನ ಹತ್ತು ಇಪ್ಪತ್ತು ಮೀಟರ್ ಯಾರದೂ ಅಲ್ಲದ ಜಾಗವಾಗಿದೆ. ಅಪಾಯದ ಅಂದಾಜಿಗೆ ಇಬ್ಬರೂ ಒಟ್ಟಿಗೆ ಬರಬೇಕು ಅನ್ನುವುದಕ್ಕೆ ಇದೇ ಕಾರಣ.

ಹೆದ್ದಾರಿ ಪಕ್ಕದ ಗೇಟುಗಳದ್ದು ಇನ್ನೊಂದು ಅಪಾಯ. ನಮ್ಮಲ್ಲಿ ಬಹಳ ಕಡೆ ರೈಲು ಹಳಿ, ಹೆದ್ದಾರಿ ಅಕ್ಕಪಕ್ಕವೇ ಓಡುತ್ತವೆ. ಗೇಟ್ ದಾಟಿದ ಕೂಡಲೇ ಹೆದ್ದಾರಿ. ಅಲ್ಲಿ ಗಾಡಿಗಳ ಸಾಲು ನಿಂತಿದ್ದರೆ ಮುಂದೆ ಹೋಗಲು ಜಾಗ ಇರುವುದಿಲ್ಲ, ಹಿಂದೆ ಹಳಿ. 1995ರ ಅಕ್ಟೋಬರ್ 25ರಂದು ಅಮೆರಿಕದ ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್ ಎಂಬ ಊರಿನಲ್ಲಿ ಸ್ಕೂಲ್ ಬಸ್ಸೊಂದು ಹೀಗೇ ಹಳಿ ದಾಟಿ ಕೆಂಪು ದೀಪಕ್ಕೆ ನಿಂತಿತು. ಮುಂದಿನ ಭಾಗ ದಾಟಿತ್ತು, ಹಿಂಭಾಗ ಹಳಿ ಮೇಲೇ ಚಾಚಿತ್ತು. ರೈಲು ಬಡಿದು ಏಳು ವಿದ್ಯಾರ್ಥಿಗಳು ತೀರಿಕೊಂಡರು. ಅಲ್ಲಿ ಗೇಟೂ ಕೆಲಸ ಮಾಡುತ್ತಿತ್ತು, ರಸ್ತೆಯ ದೀಪವೂ ಕೆಲಸ ಮಾಡುತ್ತಿತ್ತು. ಎರಡನ್ನೂ ಒಟ್ಟಿಗೆ ಸೇರಿಸಿ ನೋಡುವ ಕೆಲಸ ಸರಿಯಾಗಿ ಆಗಿರಲಿಲ್ಲ. ಒಂದು ಬಸ್ಸು ಹಳಿ ದಾಟಿ ಪೂರ್ತಿ ನಿಲ್ಲುವಷ್ಟು ಜಾಗ ಮುಂದೆ ಇದೆಯಾ? ಒಂದು ಟೇಪು ಹಿಡಿದರೆ ಉತ್ತರ ಸಿಗುತ್ತದೆ. ಕರ್ನಾಟಕದ ಎಲ್ಲ ಗೇಟುಗಳಲ್ಲಿ ಈ ಒಂದು ಅಳತೆಯನ್ನು ಒಂದು ತಿಂಗಳಲ್ಲಿ ಮುಗಿಸಬಹುದು ಅಂತ ನನ್ನ ನಂಬಿಕೆ.

ಗೇಟ್‌ಮ್ಯಾನ್ ಬಗ್ಗೆ ಎರಡು ಮಾತು. ಅಪಾಯ ಅಳೆಯುವಾಗ ಅವರನ್ನು ಗೇಟಿನ ಒಂದು ಭಾಗ ಅಂದುಕೊಳ್ಳಬೇಡಿ. ಕೆಲವು ಗೇಟುಗಳಲ್ಲಿ ಇವತ್ತಿಗೂ 12 ಗಂಟೆ ಪಾಳಿ ಇದೆ. ರಾತ್ರಿ ಒಬ್ಬರೇ. ಫೋನು, ರಿಜಿಸ್ಟರ್, ಹ್ಯಾಂಡಲ್, ಹಸಿರು ಬಾವುಟ, ಎಲ್ಲಕ್ಕೂ ಎರಡೇ ಕೈ. ಗೇಟಿನಲ್ಲಿ ಗಾಡಿ ಕೆಟ್ಟು ನಿಂತರೆ ಕೆಂಪು ಬಾವುಟ, ಪಟಾಕಿ ಸಿಗ್ನಲ್ (ಹಳಿ ಮೇಲಿಟ್ಟರೆ ರೈಲಿನ ಚಕ್ರಕ್ಕೆ ಸಿಕ್ಕಿ ಸಿಡಿದು ಎಚ್ಚರಿಸುವಂಥದ್ದು) ಹಿಡಿದು ರೈಲು ಬರುವ ದಿಕ್ಕಿಗೆ ಓಡಬೇಕಾದವರೂ ಅವರೇ. ಜೋಡಿ ಹಳಿ ಆದರೆ ಯಾವ ಕಡೆ ಓಡಬೇಕು? ಗೇಟ್ ತೆಗೆಯಲು ತಡವಾಯಿತು ಎಂದು ಅವರ ಮೇಲೆ ಕೈ ಮಾಡಿದ ಸುದ್ದಿ ಆಗಾಗ ಓದುತ್ತೇವೆ. ಒಂದು ಗೇಟಿನ ಅಪಾಯ ಏನು ಎಂದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಯಾವ ಹೊತ್ತಿಗೆ ಜನ ನುಗ್ಗುತ್ತಾರೆ, ಯಾವ ದಿನ ಸಂತೆ, ಯಾವ ತಿಂಗಳು ಮಂಜು, ಎಲ್ಲ ಅವರ ನೆನಪಿನಲ್ಲಿದೆ. ಅವರನ್ನು ಕೂರಿಸಿ ಕೇಳಿ. ಕೇಳಿದ್ದನ್ನು ಅವರ ಮೇಲೇ ತಿರುಗಿಸಬೇಡಿ. ಇವತ್ತು ಅಲ್ಪದರಲ್ಲಿ ತಪ್ಪಿತು ಎಂದು ಬಾಯಿಬಿಟ್ಟರೆ ಮೆಮೊ ಬರುತ್ತದೆ ಎನ್ನುವ ಭಯ ಇದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಅಲ್ಪದರಲ್ಲಿ ತಪ್ಪಿದ್ದಕ್ಕೂ ಲೆಕ್ಕ ಬೇಕು. ಗಾಡಿ ಬಡಿದು ಗೇಟಿನ ಕಂಬ ಮುರಿದರೆ ರೈಲ್ವೆ ಕಾಯ್ದೆಯ 160ನೇ ಕಲಮಿನಲ್ಲಿ ಕೇಸು ಹಾಕುತ್ತೀರಿ. ಕೇಸು ಮುಗಿದರೆ ಫೈಲು ಮುಗಿಯಿತು. ಒಂದೇ ಗೇಟಿನ ಕಂಬ ಮತ್ತೆ ಮತ್ತೆ ಮುರಿಯುತ್ತಿದ್ದರೆ ಡ್ರೈವರುಗಳ ತಪ್ಪಿನ ಜೊತೆಗೆ ಆ ಜಾಗದ ತಪ್ಪೂ ಇರುತ್ತದೆ ಅಲ್ವಾ? ಇಳಿಜಾರು ಇರಬಹುದು, ಬೆಳಕು ಇಲ್ಲದಿರಬಹುದು, ತಿರುವು ದಾಟಿದ ಕೂಡಲೇ ಗೇಟ್ ಎದುರಾಗಬಹುದು. ಆ ಕೇಸುಗಳ ದಾಖಲೆ ನಿಮ್ಮ ಹತ್ತಿರವೇ ಇದೆ. ಅದನ್ನು ಗೇಟ್‌ವಾರು ಜೋಡಿಸಿ ನೋಡಿದರೆ ಮುಂದಿನ ಅಪಘಾತ ಎಲ್ಲಿ ಆಗಬಹುದು ಅಂತ ಸುಮಾರಾಗಿ ಗೊತ್ತಾಗುತ್ತದೆ.

ಗೇಟನ್ನೇ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಹೇಳಿದ್ದೂ ಅದನ್ನೇ. ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ಐದು ವರ್ಷದಲ್ಲಿ ತೆಗೆಯಿರಿ, ಅದಕ್ಕೆ ಸುಮಾರು 50 ಸಾವಿರ ಕೋಟಿ ಬೇಕು ಎಂದಿತ್ತು. ನಾನೂ ಒಪ್ಪುತ್ತೇನೆ, ತೆಗೆಯಬೇಕು. ಆದರೆ ಅದೇ ಸಮಿತಿ ಹಳಿ ದಾಟುವಾಗ ವರ್ಷಕ್ಕೆ ಸುಮಾರು 15 ಸಾವಿರ ಜನ ಸಾಯುತ್ತಾರೆ ಎಂದೂ ಬರೆದಿತ್ತು. ಗೇಟು ತೆಗೆದ ಕಡೆ ಜನರಿಗೆ ಸರಿಯಾದ ದಾರಿ ಇಲ್ಲದಿದ್ದರೆ ಅವರು ಹಳಿ ಹತ್ತಿಯೇ ದಾಟುತ್ತಾರೆ. ನಮ್ಮ ಕಡೆ ಕೆಳಸೇತುವೆಗಳ ಪಾಡು ನಿಮಗೆ ಗೊತ್ತು. ಒಂದು ಜೋರು ಮಳೆ ಬಂದರೆ ಕೆರೆ. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ನೀರು ತುಂಬಿದ ರೈಲ್ವೆ ಕೆಳಸೇತುವೆಯಲ್ಲಿ ಕಾರು ಮುಳುಗಿ ಒಬ್ಬ ವೈದ್ಯೆ ತೀರಿಕೊಂಡರು. ಹುಲ್ಲು ಹೇರಿದ ಟ್ರ್ಯಾಕ್ಟರ್ ಎತ್ತರ ಸಾಲದೆ ವಾಪಸ್ ಹೋಗುತ್ತದೆ. ಸಂಜೆ ಆದರೆ ಒಳಗೆ ದೀಪ ಇಲ್ಲ, ಹೆಣ್ಣುಮಕ್ಕಳು ಹೋಗಲು ಹೆದರುತ್ತಾರೆ. ಆಗ ಮೇಲಿನ ಹಳಿಯೇ ದಾರಿ. ಅಲ್ಲಿ ಈಗ ಗೇಟೂ ಇಲ್ಲ, ಬೆಲ್ಲೂ ಇಲ್ಲ, ನಿಲ್ಲಿ ಅಂತ ಕೂಗುವ ಮನುಷ್ಯನೂ ಇಲ್ಲ. ಕಾಗದದಲ್ಲಿ ಒಂದು ಗೇಟ್ ಕಡಿಮೆಯಾಯಿತು, ಅಪಾಯ ಅಲ್ಲೇ ಉಳಿಯಿತು. ಆದ್ದರಿಂದ ಗೇಟ್ ಮುಚ್ಚುವ ಮೊದಲೂ ಅಳೆಯಿರಿ, ಮುಚ್ಚಿ ಒಂದು ಮಳೆಗಾಲ ಕಳೆದ ಮೇಲೂ ಬಂದು ಅಳೆಯಿರಿ.

ಅಳೆಯಲು ಬರುವಾಗ ರೈಲ್ವೆ ಸೆಕ್ಷನ್ ಎಂಜಿನಿಯರ್, ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರ್, ಠಾಣೆಯ ಒಬ್ಬರು, ಹತ್ತಿರದ ಶಾಲೆಯ ಹೆಡ್‌ಮಾಸ್ಟರ್, ಪಾಳಿಯಲ್ಲಿರುವ ಗೇಟ್‌ಮ್ಯಾನ್, ಇಷ್ಟು ಜನ ಗೇಟಿನ ಹತ್ತಿರ ನಿಂತು ಮಾತಾಡಿದರೆ ಸಾಕು. ದೊಡ್ಡ ಸಮಿತಿ ಬೇಡ. ನಡೆಯುವವರನ್ನು, ಸೈಕಲ್‌ನವರನ್ನು ಎಣಿಸಿ. ಬಸ್ಸಿನಲ್ಲಿ ಎಷ್ಟು ತಲೆ ಎಂದು ಬರೆದುಕೊಳ್ಳಿ. ಸಂತೆ ದಿನ, ಜಾತ್ರೆ ದಿನ, ಕಬ್ಬಿನ ಹಂಗಾಮು ಬಿಟ್ಟುಹೋಗದಿರಲಿ. ಒಂದು ಸಲ ಗೇಟ್ ಹಾಕಿದರೆ ಎಷ್ಟು ನಿಮಿಷ ಮುಚ್ಚಿರುತ್ತದೆ ನೋಡಿ. ಹೊತ್ತು ಹೆಚ್ಚಾದಷ್ಟೂ ನುಸುಳುವವರೂ ಹೆಚ್ಚುತ್ತಾರೆ, ಇದು ದಾವಣಗೆರೆಯ ಅಶೋಕ ರಸ್ತೆ ಗೇಟಿನಲ್ಲೋ ಬೆಳಗಾವಿಯ ಟಿಳಕವಾಡಿ ಗೇಟುಗಳಲ್ಲೋ ಕಾದು ಗೊತ್ತಿರುವ ಎಲ್ಲರಿಗೂ ತಿಳಿದ ವಿಷಯ. ಆಮೇಲೆ ಒಂದು ಬೋರ್ಡ್ ಹಾಕಿ, ಕನ್ನಡದಲ್ಲಿ. ಗೇಟ್ ನಂಬರ್, ಟಿವಿಯು ಎಷ್ಟು, ಇಂಟರ್‌ಲಾಕ್ ಆಗಿದೆಯಾ ಇಲ್ಲವಾ, ಇಲ್ಲಿ ಕಂಡ ಅಪಾಯ ಏನು, ಅದಕ್ಕೆ ಯಾರು ಏನನ್ನು ಯಾವ ತಾರೀಖಿನೊಳಗೆ ಮಾಡುತ್ತಾರೆ, ಗಾಡಿ ಹಳಿ ಮೇಲೆ ಸಿಕ್ಕಿಕೊಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅಮೆರಿಕದಲ್ಲಿ ಗೇಟುಗಳ ಹತ್ತಿರ ನೀಲಿ ಫಲಕದಲ್ಲಿ ತುರ್ತು ಫೋನ್ ನಂಬರ್ ಮತ್ತು ಆ ಗೇಟಿನ ಗುರುತಿನ ಸಂಖ್ಯೆ ಇರುತ್ತದೆ. ನಮ್ಮಲ್ಲಿ 139 ಸಹಾಯವಾಣಿ ಇದೆ. ಆದರೆ ಗಾಬರಿಯಲ್ಲಿ ಫೋನ್ ಮಾಡಿದವರು ಯಾವ ಗೇಟ್ ಅಂತ ಹೇಳುವುದು ಹೇಗೆ? ರಸ್ತೆಯಲ್ಲಿ ನಿಂತವರಿಗೆ ಕಾಣುವ ಹಾಗೆ ಆ ನಂಬರ್ ಬರೆಸಲು ಬೇಕಾಗಿರುವುದು ಒಂದು ಡಬ್ಬಿ ಬಣ್ಣ.

ಇನ್ನು ನಮ್ಮ ಜನಕ್ಕೆ. ಅಧಿಕಾರಿಗಳನ್ನು ಇಷ್ಟು ಕೇಳಿ, ನಾವು ಕಂಬದ ಕೆಳಗೆ ಬಗ್ಗಿ ಹೋಗುತ್ತಿದ್ದರೆ ಮಾತಿಗೆ ಬೆಲೆ ಇಲ್ಲ. ಮುಚ್ಚಿದ ಗೇಟನ್ನು ಬಲವಂತವಾಗಿ ತೆಗೆದರೆ ಮೂರು ವರ್ಷ, ಮುರಿದರೆ ಐದು ವರ್ಷ ತನಕ ಜೈಲು ಇದೆ. ಅದಕ್ಕೆ ಹೆದರಿ ಅಂತ ಹೇಳುತ್ತಿಲ್ಲ. ನಾವು ಬಗ್ಗುವುದನ್ನು ಹಿಂದೆ ನಿಂತ ಮಕ್ಕಳು ನೋಡುತ್ತಾರೆ, ನಾಳೆ ಅವರೂ ಬಗ್ಗುತ್ತಾರೆ. ಸ್ಕೂಲ್ ಬಸ್ ಡ್ರೈವರುಗಳೇ, ಗೇಟ್ ತೆರೆದೇ ಇದ್ದರೂ ಒಂದು ಕ್ಷಣ ನಿಲ್ಲಿಸಿ. ಹಾಡು ಆಫ್ ಮಾಡಿ, ಕಿಟಕಿ ಇಳಿಸಿ, ಎರಡೂ ಕಡೆ ನೋಡಿ. ಮುಂದೆ ಜಾಗ ಖಾಲಿ ಇಲ್ಲದಿದ್ದರೆ ಹಳಿ ಹತ್ತಲೇಬೇಡಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ಅಪ್ಪ ಅಮ್ಮಂದಿರೇ, ಮಗುವಿನ ಬಸ್ಸು ಯಾವ ಗೇಟ್ ದಾಟುತ್ತದೆ, ಅದು ಇಂಟರ್‌ಲಾಕ್ ಆದ ಗೇಟಾ ಅಂತ ಶಾಲೆಯವರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಲಿ.

ಮಾನ್ಯರೇ, ಗಣತಿ ಮೂರು ವರ್ಷಕ್ಕೊಮ್ಮೆ ಆಗಬೇಕು ಅನ್ನುವುದು ನಿಮ್ಮದೇ ನಿಯಮ. ಮುಂದಿನ ಗಣತಿಗೆ ಬರುವಾಗ ರಜೆಯ ದಿನ ಬರಬೇಡಿ. ಶಾಲೆ ನಡೆಯುವ ದಿನ ಬನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ ಗೇಟಿನಲ್ಲಿ ನಿಲ್ಲಿ. ಎಣಿಸಲು ಜನ ಸಾಲದಿದ್ದರೆ ನಮ್ಮಂಥ ಊರಿನವರು, ಹಳೆಯ ವಿದ್ಯಾರ್ಥಿಗಳು, ಶಾಲೆಯ ಎಸ್‌ಡಿಎಂಸಿಯವರು ಸಂಬಳ ಇಲ್ಲದೆ ಬಂದು ನಿಮ್ಮ ಜೊತೆ ನಿಲ್ಲುತ್ತೇವೆ. ಫಾರಂ ಮಾತ್ರ ನೀವು ಕೊಡಿ, ಅದರಲ್ಲಿ ನಡೆದು ಹೋಗುವವರಿಗೆ ಒಂದು ಕಾಲಂ ಇರಲಿ.

ಇಂತಿ,
ಹಳಿಯ ಆಚೆ ಬದಿಯ ಊರಿನ ಒಬ್ಬ ತಂದೆ